ರಬ್ಬರ್ ಎಳೆಯಲ್ಲಿ ಆಕಾಶ ಕಂಡ ಅಲ್ಫೋನ್ಸ್ ಪೆನೋ

ವಿಮಾನಗಳ ಪುಟ್ಟ ಮಾದರಿಗಳನ್ನು ಜೋಡಿಸಿ, ಬಣ್ಣ ಬಳಿದು, ಗಾಜಿನ ಕಪಾಟಿನಲ್ಲಿ ಇಡುವ ಹವ್ಯಾಸಕ್ಕೆ ಜಗತ್ತಿನ ಎಲ್ಲೆಡೆ ಅಭಿಮಾನಿಗಳಿದ್ದಾರೆ. ಅವರಲ್ಲಿ ಯುದ್ಧನೌಕೆಯ ಮೇಲಿಂದ ಹಾರುವ ಜೆಟ್ ವಿಮಾನಗಳನ್ನೇ ಆರಿಸಿಕೊಳ್ಳುವವರದು ಬೇರೆಯೇ ಬಳಗ. ಭಾರತೀಯ ನೌಕಾಪಡೆಯ ಮಿಗ್-29ಕೆ ವಿಮಾನದ ಉದ್ದ ಸುಮಾರು 17.3 ಮೀಟರ್. 1:72ರ ಪ್ರಮಾಣದಲ್ಲಿ ಕಟ್ಟಿದರೆ ಅದು 24 ಸೆಂಟಿಮೀಟರಿಗೆ ಇಳಿಯುತ್ತದೆ. ಚಾಲಕನ ಆಸನದ ಮೇಲಿನ ಪಾರದರ್ಶಕ ಗುಮ್ಮಟ, ಒಡಲೊಳಗೆ ಮಡಚಿಕೊಳ್ಳುವ ಗಾಲಿಗಳು, ಕಡ್ಡಿಯ ತುದಿಯಷ್ಟು ಸಣ್ಣದಾದ ನಿಯಂತ್ರಣ ದಂಡ, ಮಾಪಕಗಳ ಫಲಕ ಇವೆಲ್ಲವನ್ನೂ ಅಂಟಿಸುವಾಗ ಚಿಮುಟ ಹಿಡಿದ ಕೈ ನಡುಗಬಾರದು. ಬೂದು ಬಣ್ಣದ ತೆಳು ಲೇಪ ಒಂದರ ಮೇಲೊಂದು ಒಣಗಲು ದಿನಗಳೇ ಬೇಕು.

ಗಾಜಿನ ಗುಮ್ಮಟ, ಮಡಚುವ ಗಾಲಿ, ಒಂದೇ ನಿಯಂತ್ರಣ ದಂಡ, ಮಾಪಕಗಳು ಇವೆಲ್ಲವೂ ಒಂದೇ ವಿಮಾನದ ನಕ್ಷೆಯಲ್ಲಿ 1876ರಷ್ಟು ಹಿಂದೆಯೇ ಕಾಣಿಸಿಕೊಂಡಿದ್ದವು. ರೈಟ್ ಸೋದರರು ನೆಲ ಬಿಟ್ಟು ಮೇಲೇರುವುದಕ್ಕೆ ಆಗ ಇನ್ನೂ 27 ವರ್ಷ ಬಾಕಿ ಇತ್ತು. ಆ ನಕ್ಷೆಯ ವಿಮಾನ ನೀರಿನ ಮೇಲಿಂದಲೂ ಏರಬಲ್ಲದಾಗಿತ್ತು. ಅದನ್ನು ರೂಪಿಸಿದಾತ ಒಬ್ಬ ಫ್ರೆಂಚ್ ಯುವಕ, ನೌಕಾಪಡೆಯ ಅಧಿಕಾರಿಯೊಬ್ಬರ ಮಗ. ಹೆಸರು ಅಲ್ಫೋನ್ಸ್ ಪೆನೋ. ಸ್ವಂತ ಕಾಲಿನ ಮೇಲೆ ನೆಟ್ಟಗೆ ನಿಲ್ಲಲಾಗದ ಆತ ಊರುಗೋಲುಗಳ ಆಸರೆಯಲ್ಲಿ ನಡೆಯುತ್ತಿದ್ದ.

ಕಡಲು ಸಿಗದ ಹುಡುಗ

ಪೆನೋ ಹುಟ್ಟಿದ್ದು 1850ರ ಮೇ 31ರಂದು, ಪ್ಯಾರಿಸ್ಸಿನಲ್ಲಿ. ತಂದೆ ಫ್ರೆಂಚ್ ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದವರು. ಅಂಥ ಮನೆಯ ಮಗ ಮುಂದೇನಾಗಬೇಕೆಂಬುದನ್ನು ಯಾರೂ ಕೇಳುವ ಅಗತ್ಯವಿರಲಿಲ್ಲ. ಆದರೆ ಎಳವೆಯಲ್ಲೇ ಅಂಟಿಕೊಂಡ ಸೊಂಟದ ಕೀಲಿನ ರೋಗ ಆ ದಾರಿಯನ್ನು ಮುಚ್ಚಿಬಿಟ್ಟಿತು. ಅಲೆಗಳ ಮೇಲೆ ತೂಗುವ ಹಡಗಿನಲ್ಲಿ ನಿಂತು ಕೆಲಸ ಮಾಡಬೇಕಾದವನಿಗೆ ಸೊಂಟವೇ ಸೋತರೆ ನೌಕಾಪಡೆಯ ಬಾಗಿಲು ತೆರೆಯುವುದಿಲ್ಲ.

ಮೈ ಓಡಾಡಲು ಒಲ್ಲದಾದಾಗ ಬುದ್ಧಿ ಬೇರೆ ದಿಕ್ಕಿಗೆ ಹೊರಳಿತು. ಗಾಳಿಯಲ್ಲಿ ಹಾರುವುದು ಹೇಗೆ ಎಂಬ ಪ್ರಶ್ನೆ ಆ ಕಾಲದ ಪ್ಯಾರಿಸ್ಸಿನಲ್ಲಿ ಗಂಭೀರ ಚರ್ಚೆಯ ವಸ್ತುವಾಗಿತ್ತು. ಬಲೂನುಗಳು ಹಾರಾಡತೊಡಗಿ ಸುಮಾರು ತೊಂಬತ್ತು ವರ್ಷಗಳಾಗಿದ್ದವು. ಆದರೆ ಬಲೂನು ಗಾಳಿ ಒಯ್ದತ್ತ ತೇಲುವ ವಸ್ತು. ಗಾಳಿಗಿಂತ ಭಾರವಾದ ಯಂತ್ರವೊಂದು ತನ್ನ ಬಲದಿಂದಲೇ ಹಾರಲು ಸಾಧ್ಯವೇ ಎಂಬ ವಿಚಾರದಲ್ಲಿ ತಿಳಿದವರ ನಡುವೆಯೂ ಒಮ್ಮತವಿರಲಿಲ್ಲ. ಈ ವಾದದಲ್ಲಿ ಪೆನೋ ಮಾತಿಗಿಂತ ಮಾದರಿಯನ್ನೇ ನೆಚ್ಚಿಕೊಂಡ.

ತಿರುಚಿದ ರಬ್ಬರಿನ ಬಲ

ಹಾರುವ ಮಾದರಿಗಳಿಗೆ ಆವರೆಗೆ ಇದ್ದ ದೊಡ್ಡ ತೊಡಕು ಶಕ್ತಿಯದು. 1784ರಲ್ಲಿ ಲೋನ್ವಾ ಮತ್ತು ಬಿಯಾಂವೆನು ಎಂಬ ಇಬ್ಬರು ಫ್ರೆಂಚರು ಬಾಗಿದ ಬಿಲ್ಲಿನ ಹುರಿಯಿಂದ ತಿರುಗುವ ಪುಟ್ಟ ಹೆಲಿಕಾಪ್ಟರ್ ಮಾದರಿಯನ್ನು ಪ್ರದರ್ಶಿಸಿದ್ದರು. ಇಂಗ್ಲೆಂಡಿನ ಜಾರ್ಜ್ ಕೇಲಿ 1796ರಲ್ಲಿ ಅದೇ ಬಗೆಯದನ್ನು ಮಾಡಿ ನೋಡಿದ್ದ. ಬಿಲ್ಲಿನ ಬಲ ಕ್ಷಣಮಾತ್ರದಲ್ಲಿ ಮುಗಿದುಹೋಗುತ್ತಿತ್ತು. ಗಡಿಯಾರದ ಲೋಹದ ಸುರುಳಿ ಭಾರವಾಯಿತು. ಉಗಿಯಂತ್ರವಂತೂ ಇನ್ನೂ ಭಾರ.

1870ರಲ್ಲಿ ಪೆನೋ ರಬ್ಬರಿನ ಎಳೆಗಳನ್ನು ಕೈಗೆತ್ತಿಕೊಂಡ. ಅವನ್ನು ಹಿಗ್ಗಿಸುವ ಬದಲು ಹಗ್ಗ ಹೊಸೆಯುವಂತೆ ತಿರುಚಿದ. ಎಳೆಯ ಒಂದು ತುದಿಯನ್ನು ಕಡ್ಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ಪ್ರೊಪೆಲರಿನ ಅಚ್ಚಿಗೆ ಸಿಕ್ಕಿಸಿ, ಪ್ರೊಪೆಲರನ್ನೇ ಹಿಮ್ಮುಖವಾಗಿ ಸುತ್ತಿದರೆ ರಬ್ಬರ್ ಬಿಗಿಯುತ್ತದೆ. ಕೈಬಿಟ್ಟಾಗ ಆ ಬಿಗಿ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹಲವು ಸೆಕೆಂಡುಗಳವರೆಗೆ ಪ್ರೊಪೆಲರನ್ನು ತಿರುಗಿಸುತ್ತದೆ. ತೂಕ ಕಡಿಮೆ, ಖರ್ಚು ಕಡಿಮೆ, ಕೆಡುವ ಭಾಗವೇ ಇಲ್ಲ. ಈ ಬಲದಿಂದ ಆತ ಮೊದಲು ಹಾರಿಸಿದ್ದು ಪುಟ್ಟ ಹೆಲಿಕಾಪ್ಟರ್ ಮಾದರಿಯನ್ನು. ಶಾಲಾ ಮಕ್ಕಳ ವಿಮಾನ ಮಾದರಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಇದೇ ಉಪಾಯ.

ಹನ್ನೊಂದು ಸೆಕೆಂಡುಗಳು

ಅದೇ ವರ್ಷ ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಸೆಪ್ಟೆಂಬರಿನಿಂದ ಮುಂದಿನ ಜನವರಿಯವರೆಗೆ ಪ್ಯಾರಿಸ್ ಶತ್ರುಸೇನೆಯ ಮುತ್ತಿಗೆಯಲ್ಲಿ ನರಳಿತು. ಹೊರಜಗತ್ತಿಗೆ ಪತ್ರ ಮುಟ್ಟಿಸಲು ಬಲೂನುಗಳೇ ಗತಿಯಾದವು. ಮುತ್ತಿಗೆ ಮುಗಿಯಿತೆನ್ನುವಷ್ಟರಲ್ಲಿ ನಗರದೊಳಗೇ ದಂಗೆ ಎದ್ದಿತು. 1871ರ ಮೇ ತಿಂಗಳಲ್ಲಿ ಟ್ವಿಲರಿ ಅರಮನೆ ಬೆಂಕಿಗೆ ಆಹುತಿಯಾಯಿತು.

ಆ ಸುಟ್ಟ ಗೋಡೆಗಳು ಇನ್ನೂ ನಿಂತಿರುವಾಗಲೇ, 1871ರ ಆಗಸ್ಟ್ 18ರಂದು, ಅರಮನೆಯ ಮುಂದಿನ ಉದ್ಯಾನದಲ್ಲಿ ವೈಮಾನಿಕ ವಿಷಯಗಳಲ್ಲಿ ಆಸಕ್ತರಾದ ಕೆಲವರು ಸೇರಿದರು. ಇಪ್ಪತ್ತೊಂದು ವರ್ಷದ ಪೆನೋ ತಂದಿದ್ದ ವಸ್ತುವಿನ ತೂಕ ಕೇವಲ 16 ಗ್ರಾಂ. ಅದರಲ್ಲಿ 5 ಗ್ರಾಂ ರಬ್ಬರಿನದೇ ತೂಕ. ಉದ್ದ ಸುಮಾರು 50 ಸೆಂಟಿಮೀಟರ್, ರೆಕ್ಕೆಗಳ ಅಗಲ 45 ಸೆಂಟಿಮೀಟರ್. ನಡುವೆ ಒಂದು ತೆಳು ಕಡ್ಡಿ, ಅದರ ಕೆಳಗೆ ರಬ್ಬರಿನ ಎಳೆ, ಹಿಂತುದಿಯಲ್ಲಿ ಎರಡು ಅಲಗಿನ ಪ್ರೊಪೆಲರ್. ಪ್ಲಾನೊಫೋರ್ ಎಂಬುದು ಆತ ಅದಕ್ಕಿಟ್ಟ ಹೆಸರು.

ರಬ್ಬರನ್ನು ಸುತ್ತಿ ಕೈಬಿಟ್ಟಾಗ ಆ ಪುಟ್ಟ ಯಂತ್ರ ಗಾಳಿಯಲ್ಲಿ ವೃತ್ತಾಕಾರವಾಗಿ ಸುತ್ತಿತು. 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರ್ ದೂರವನ್ನು ಕ್ರಮಿಸಿತು. ಅದು ಹೊಯ್ದಾಡಲಿಲ್ಲ, ಮಗುಚಲೂ ಇಲ್ಲ. ಬಲ ತೀರಿದ ಮೇಲೆ ಮೆಲ್ಲಗೆ ಇಳಿಯಿತು. ದೂರದ ದೃಷ್ಟಿಯಿಂದ ಇದೊಂದು ಸಣ್ಣ ಹಾರಾಟ. ಆದರೆ ಗಾಳಿಗಿಂತ ಭಾರವಾದ ವಸ್ತುವೊಂದು, ಯಾರ ಕೈಯ ಹಿಡಿತವೂ ಇಲ್ಲದೆ, ತನ್ನ ಸಮತೋಲವನ್ನು ತಾನೇ ಕಾಯ್ದುಕೊಂಡು ಹಾರಿದ್ದನ್ನು ನೆರೆದವರೆಲ್ಲ ಕಣ್ಣಾರೆ ಕಂಡಿದ್ದರು.

ಬಾಲದ ಗುಟ್ಟು

ಆ ಸ್ಥಿರತೆಯ ಹಿಂದೆ ಎರಡು ಸರಳ ಏರ್ಪಾಡುಗಳಿದ್ದವು. ರೆಕ್ಕೆಯ ತುದಿಗಳನ್ನು ಪೆನೋ ಕೊಂಚ ಮೇಲಕ್ಕೆ ಬಾಗಿಸಿದ್ದ. ವಿಮಾನ ಒಂದು ಬದಿಗೆ ವಾಲಿ ಆ ಕಡೆಗೆ ಜಾರತೊಡಗಿದರೆ, ತಗ್ಗಿದ ರೆಕ್ಕೆಗೆ ಹೆಚ್ಚು ಎತ್ತುವ ಬಲ ದೊರೆತು ಅದು ಮತ್ತೆ ಸಮಕ್ಕೆ ಬರುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಹಿಂಬದಿಯ ಅಡ್ಡ ಬಾಲ. ಅದನ್ನು ಆತ ರೆಕ್ಕೆಗಿಂತ ಸ್ವಲ್ಪ ಕಡಿಮೆ ಕೋನದಲ್ಲಿ ಕೂರಿಸಿದ್ದ. ಮೂತಿ ಕೆಳಗಿಳಿದರೆ ವೇಗ ಹೆಚ್ಚುತ್ತದೆ, ಆಗ ಗಾಳಿ ಬಾಲವನ್ನು ಕೆಳಕ್ಕೊತ್ತಿ ಮೂತಿಯನ್ನು ಎತ್ತುತ್ತದೆ. ಮೂತಿ ಅತಿಯಾಗಿ ಮೇಲೆದ್ದರೆ ಬಾಲಕ್ಕೆ ಎತ್ತುವ ಬಲ ದೊರೆತು ಮೂತಿ ತಗ್ಗುತ್ತದೆ. ಹಡಗನ್ನು ನೇರವಾಗಿ ನಡೆಸಲು ಚುಕ್ಕಾಣಿಯ ಬಳಿ ಮನುಷ್ಯ ಬೇಕು. ಇಲ್ಲಿ ಗಾಳಿಯೇ ಆ ಕೆಲಸವನ್ನು ಮಾಡಿತು. ಇಂದು ಸಾಮಾನ್ಯ ಪ್ರಯಾಣಿಕ ವಿಮಾನಗಳ ಬಾಲದಲ್ಲಿ ಕಾಣುವುದು ಇದೇ ತತ್ತ್ವ. ಕೇಲಿ ಇದರ ಸಮೀಪಕ್ಕೆ ಬಂದಿದ್ದನಾದರೂ, ಬಲವುಳ್ಳ ಮಾದರಿಯಲ್ಲಿ ಹಾರಿಸಿ ತೋರಿಸಿದ್ದು ಪೆನೋ.

ಕಾಗದದಲ್ಲೇ ಉಳಿದ ವಿಮಾನ

ಮುಂದೆ ಆತ ರೆಕ್ಕೆ ಬಡಿಯುವ ಯಾಂತ್ರಿಕ ಹಕ್ಕಿಯನ್ನೂ ರಬ್ಬರಿನ ಬಲದಿಂದಲೇ ಹಾರಿಸಿದ. ವೈಮಾನಿಕ ವಲಯದಲ್ಲಿ ಹೆಸರು ಹಬ್ಬಿತು. ಆದರೆ ಆತನ ಗುರಿ ಮಾದರಿಗೆ ನಿಲ್ಲುವುದಾಗಿರಲಿಲ್ಲ. ಮನುಷ್ಯನನ್ನು ಹೊತ್ತೊಯ್ಯುವ ವಿಮಾನ ಆತನಿಗೆ ಬೇಕಿತ್ತು.

ಪಾಲ್ ಗೋಶೊ ಎಂಬ ಯಂತ್ರಜ್ಞನೊಡನೆ ಸೇರಿ 1876ರಲ್ಲಿ ಪೇಟೆಂಟ್ ಪಡೆದ ವಿಮಾನ ಇಬ್ಬರು ಕೂರುವಂಥದ್ದು. ದೋಣಿಯಾಕಾರದ ಒಡಲು ಅದನ್ನು ನೀರಿನ ಮೇಲೆ ತೇಲಿಸುತ್ತಿತ್ತು. ನೆಲದ ಮೇಲಿಳಿಯಲು ಮಡಚಬಹುದಾದ ಗಾಲಿಗಳೂ ಆಘಾತ ತಾಳುವ ಏರ್ಪಾಡೂ ಇದ್ದವು. ಮುಂದೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಪ್ರೊಪೆಲರುಗಳು. ಚಾಲಕನಿಗೆ ಗಾಜಿನ ಗುಮ್ಮಟದ ರಕ್ಷಣೆ. ಎತ್ತರವನ್ನೂ ದಿಕ್ಕನ್ನೂ ಬದಲಿಸಲು ಒಂದೇ ದಂಡ. ದಿಕ್ಸೂಚಿ ಮೊದಲಾದ ಉಪಕರಣಗಳಿಗೂ ನಕ್ಷೆಯಲ್ಲಿ ಜಾಗವಿತ್ತು. ಒಟ್ಟು ತೂಕ ಸುಮಾರು 1,200 ಕಿಲೋಗ್ರಾಂ, ವೇಗ ಗಂಟೆಗೆ ಸುಮಾರು 95 ಕಿಲೋಮೀಟರ್ ಎಂಬುದು ಆತನ ಲೆಕ್ಕಾಚಾರ. ಹಡಗೇರಲು ಅವಕಾಶ ಸಿಗದ ಹುಡುಗ ಕಡಲಿನಿಂದಲೇ ಆಕಾಶಕ್ಕೇರುವ ವಾಹನವನ್ನು ಕಾಗದದ ಮೇಲೆ ಕಟ್ಟಿದ್ದ.

ಅದು ಕಾಗದದಲ್ಲೇ ಉಳಿಯಿತು. ಮಾದರಿಯನ್ನು ಹಿಗ್ಗಿಸಿದೊಡನೆ ವಿಮಾನ ಆಗುವುದಿಲ್ಲ. ಅಳತೆಯನ್ನು ಇಮ್ಮಡಿಗೊಳಿಸಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕವಾದರೋ ಎಂಟು ಪಟ್ಟು. ರೆಕ್ಕೆಯ ಮೇಲಿನ ಹೊರೆ ಹೆಚ್ಚಿದಷ್ಟೂ ವೇಗ ಬೇಕು, ವೇಗಕ್ಕೆ ಬಲ ಬೇಕು. ರಬ್ಬರ್ ಅಲ್ಲಿ ಕೆಲಸಕ್ಕೆ ಬಾರದು. ಹಗುರವಾದ ಎಂಜಿನ್ ಆಗಿನ್ನೂ ಇರಲಿಲ್ಲ. ಜರ್ಮನಿಯಲ್ಲಿ ನಿಕೊಲಾಸ್ ಆಟೋ ತನ್ನ ನಾಲ್ಕು ಹೊಡೆತದ ಎಂಜಿನನ್ನು ನಡೆಸಿದ್ದು ಇದೇ 1876ರಲ್ಲಿ. ಆದರೆ ಅದು ಕಾರ್ಖಾನೆಯ ನೆಲದ ಮೇಲೆ ಕೂರಿಸಬೇಕಾದ ಭಾರಿ ಯಂತ್ರವಾಗಿತ್ತು. ಅದರ ವಂಶದ ಎಂಜಿನ್ ವಿಮಾನಕ್ಕೆ ಏರುವಷ್ಟು ಹಗುರವಾಗಲು ಇನ್ನೂ ಕಾಲು ಶತಮಾನ ಹಿಡಿಯಿತು.

ಕೊನೆಯ ಬಾಗಿಲು

ಹಣ ಹೂಡುವವರು ಸಿಗಲಿಲ್ಲ. ಟೀಕೆಗಳು ಬಂದವು. ಕಾಯಿಲೆ ಬಿಗಡಾಯಿಸುತ್ತಲೇ ಹೋಯಿತು. ಕೊನೆಗೆ ಪೆನೋ ಆಂರಿ ಜಿಫಾರ್ ಅವರ ಮೊರೆಹೊಕ್ಕ. 1852ರಲ್ಲಿ ಉಗಿಯಂತ್ರ ಅಳವಡಿಸಿದ ವಾಯುನೌಕೆಯಲ್ಲಿ ಪ್ಯಾರಿಸ್ಸಿನಿಂದ ಸುಮಾರು 27 ಕಿಲೋಮೀಟರ್ ಹಾರಿದ್ದ ಜಿಫಾರ್, ಉಗಿಯಂತ್ರಗಳ ಬಾಯ್ಲರಿಗೆ ನೀರೂಡುವ ಸಾಧನವನ್ನು ಕಂಡುಹಿಡಿದು ಅಪಾರ ಹಣ ಗಳಿಸಿದ್ದರು. ಈ ಕನಸನ್ನು ಅರಿಯಬಲ್ಲವರೂ, ಅದಕ್ಕೆ ಹಣ ಕೊಡಬಲ್ಲವರೂ ಫ್ರಾನ್ಸಿನಲ್ಲಿ ಯಾರಾದರೂ ಇದ್ದರೆ ಅವರೊಬ್ಬರೇ ಎಂದು ಪೆನೋ ನಂಬಿರಬೇಕು. ಅಲ್ಲಿಯೂ ನೆರವು ಸಿಗಲಿಲ್ಲ.

ಪೆನೋ ತನ್ನ ನಕ್ಷೆಗಳನ್ನೆಲ್ಲ ಮರದ ಪುಟ್ಟ ಶವಪೆಟ್ಟಿಗೆಯೊಂದರಲ್ಲಿ ತುಂಬಿ ಜಿಫಾರ್ ಅವರ ಮನೆಗೆ ಮುಟ್ಟಿಸಿದ. 1880ರ ಅಕ್ಟೋಬರಿನಲ್ಲಿ ತನ್ನ ಬದುಕನ್ನು ತಾನೇ ಕೊನೆಗಾಣಿಸಿಕೊಂಡ. ಆಗ ಆತನ ವಯಸ್ಸು ಮೂವತ್ತು. ದೃಷ್ಟಿ ಕಳೆದುಕೊಳ್ಳುತ್ತಿದ್ದ ಜಿಫಾರ್ ಕೂಡ ಎರಡು ವರ್ಷದೊಳಗೆ ಅದೇ ದಾರಿ ಹಿಡಿದರು. ಒಬ್ಬನ ಬಳಿ ವಿಮಾನದ ರೂಪವಿತ್ತು, ಇನ್ನೊಬ್ಬರ ಬಳಿ ಹಣ ಮತ್ತು ಯಂತ್ರವಿದ್ಯೆ ಇದ್ದವು. ಅವೆರಡೂ ಒಂದೆಡೆ ಸೇರಿದ್ದರೂ ಅಂದಿನ ಉಗಿಯಂತ್ರದ ಭಾರವನ್ನು ಗೆಲ್ಲುವುದು ಕಷ್ಟವಾಗಿತ್ತು ಎಂಬುದೂ ನಿಜ.

ಅಯೋವದ ಮನೆಯಲ್ಲಿ ಒಂದು ಆಟಿಕೆ

ಪೆನೋ ಇನ್ನೂ ಬದುಕಿದ್ದಾಗಲೇ, 1878ರಲ್ಲಿ, ಅಮೆರಿಕದ ಅಯೋವ ರಾಜ್ಯದ ಸೀಡರ್ ರ‍್ಯಾಪಿಡ್ಸ್ ಪಟ್ಟಣದಲ್ಲಿ ಮಿಲ್ಟನ್ ರೈಟ್ ಎಂಬ ಪಾದ್ರಿ ಪ್ರವಾಸದಿಂದ ಮರಳುವಾಗ ಮಕ್ಕಳಿಗೊಂದು ಆಟಿಕೆ ತಂದರು. ಬಿದಿರು, ಬೆಂಡು ಮತ್ತು ಕಾಗದದಿಂದ ಮಾಡಿದ, ತಿರುಚಿದ ರಬ್ಬರಿನಿಂದ ಹಾರುವ ಆ ಆಟಿಕೆ ಪೆನೋನ ಹೆಲಿಕಾಪ್ಟರ್ ಮಾದರಿಯಾಗಿತ್ತು. ಹನ್ನೊಂದು ವರ್ಷದ ವಿಲ್ಬರ್ ಮತ್ತು ಏಳು ವರ್ಷದ ಓರ್ವಿಲ್ ಅದಕ್ಕೆ ಬಾವಲಿ ಎಂದು ಹೆಸರಿಟ್ಟು, ಮುರಿಯುವವರೆಗೆ ಆಡಿದರು. ಆಮೇಲೆ ತಾವೇ ಅಂಥವನ್ನು ಮಾಡತೊಡಗಿದರು. ದೊಡ್ಡದಾಗಿ ಮಾಡಿದಷ್ಟೂ ಅದು ಹಾರಲೊಲ್ಲದೆ ಹೋದಾಗ ಕಾರಣ ಅವರಿಗೆ ಹೊಳೆಯಲಿಲ್ಲ. ಅಳತೆ ಇಮ್ಮಡಿಯಾದರೆ ಎಂಟು ಪಟ್ಟು ಬಲ ಬೇಕೆಂಬ ಲೆಕ್ಕ ತಮಗಾಗ ಗೊತ್ತಿರಲಿಲ್ಲವೆಂದು ದೊಡ್ಡವರಾದ ಮೇಲೆ ಅವರು ಬರೆದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಹಾರಿತು.

ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಕೂಡ ತಮ್ಮ ಪ್ರಯೋಗಗಳನ್ನು ಪೆನೋನ ಬಗೆಯ ರಬ್ಬರ್ ಮಾದರಿಗಳಿಂದಲೇ ಆರಂಭಿಸಿದ್ದರು. 1910ರ ಮಾರ್ಚಿನಲ್ಲಿ ಫ್ರಾನ್ಸಿನ ಆಂರಿ ಫಾಬ್ರ್ ನೀರಿನ ಮೇಲಿಂದ ವಿಮಾನವನ್ನೇರಿಸಿದರು. ಅದೇ ನವೆಂಬರಿನಲ್ಲಿ ಅಮೆರಿಕದ ಯೂಜೀನ್ ಈಲಿ ಯುದ್ಧನೌಕೆಯೊಂದರ ಮೇಲಿಂದ ಹಾರಿದರು. ಪೆನೋ ತೀರಿಕೊಂಡು ಆಗ ಮೂವತ್ತು ವರ್ಷಗಳಷ್ಟೇ ಆಗಿದ್ದವು.

ಮಾದರಿಯ ಪಾತ್ರ ಇಂದಿಗೂ ಮುಗಿದಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಗಾಳಿ ಸುರಂಗದಲ್ಲಿ ಹೊಸ ವಿಮಾನಗಳ ಪುಟ್ಟ ಮಾದರಿಗಳನ್ನು ಪರೀಕ್ಷಿಸಲಾಗುತ್ತದೆ. 2020ರ ಜನವರಿ 11ರಂದು ನೌಕಾ ತೇಜಸ್ ವಿಮಾನ ವಿಕ್ರಮಾದಿತ್ಯ ಯುದ್ಧನೌಕೆಯ ಮೇಲಿಳಿಯಿತು. ಅದರ ಮುಂದಿನ ಪೀಳಿಗೆಯಾಗಿ ಯೋಜಿಸಿದ ಎರಡು ಎಂಜಿನಿನ ನೌಕಾ ಯುದ್ಧವಿಮಾನವನ್ನು ಯಲಹಂಕದ 2021ರ ವೈಮಾನಿಕ ಪ್ರದರ್ಶನದಲ್ಲಿ ಜನ ಕಂಡದ್ದು ಬಣ್ಣ ಬಳಿದ ಮಾದರಿಯ ರೂಪದಲ್ಲೇ. ಟ್ವಿಲರಿಯ ಸುಟ್ಟ ಅರಮನೆ ಈಗಿಲ್ಲ, 1883ರಲ್ಲಿ ಅದನ್ನು ಕೆಡವಿದರು. ಉದ್ಯಾನ ಹಾಗೆಯೇ ಇದೆ. 16 ಗ್ರಾಂ ತೂಕದ ವಿಮಾನವೊಂದು 11 ಸೆಕೆಂಡು ಹಾರಿದ್ದು ಅಲ್ಲಿಯೇ.