ಗದ್ದದ ಗುಟ್ಟು: ಸತ್ತು 51 ವರ್ಷದ ಮೇಲೆ ಹರಾಜಿಗೆ ಬಂತು ಮರ್ಲಿನ್ ಮನ್ರೋ ಎಕ್ಸ್‌ರೇ!

ನಟಿಯೊಬ್ಬರ ಮೂಗು ಒಂಚೂರು ಬೇರೆ ಥರ ಕಂಡ್ರೆ ಸಾಕು, ಸರ್ಜರಿ ಮಾಡಿಸಿದ್ದಾರೆ ಅನ್ನೋ ಮಾತು ಶುರು. ಹಳೇ ಫೋಟೋ, ಹೊಸ ಫೋಟೋ ಅಕ್ಕಪಕ್ಕ ಇಟ್ಟು ಜನ ತಾವೇ ಡಾಕ್ಟರ್ ಆಗಿಬಿಡ್ತಾರೆ. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಚಟ ಅಂದ್ಕೊಂಡ್ರೆ ತಪ್ಪು. ಹಾಲಿವುಡ್‌ನ ಮರ್ಲಿನ್ ಮನ್ರೋ ಕಥೆ ಕೇಳಿ.

ಮರ್ಲಿನ್ ಹುಟ್ಟಿದ್ದು 1926ರ ಜೂನ್ 1ರಂದು, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಆಗಿನ ಹೆಸರು ನಾರ್ಮಾ ಜೀನ್. ತಾಯಿಗೆ ಮಾನಸಿಕ ಕಾಯಿಲೆ, ತಂದೆಯ ಆಸರೆ ಇಲ್ಲ. ಅವರಿವರ ಮನೆ, ಅನಾಥಾಶ್ರಮ ಅಂತ ಬಾಲ್ಯ ಕಳೆಯಿತು. 16ಕ್ಕೇ ಮದುವೆ. ಯುದ್ಧದ ಟೈಮಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಿದ್ದಾಗ ಸೇನೆಯ ಫೋಟೋಗ್ರಾಫರ್ ಒಬ್ಬ ತೆಗೆದ ಚಿತ್ರಗಳೇ ಆಕೆಯನ್ನು ಮಾಡೆಲಿಂಗ್‌ಗೆ ತಂದವು.

ಅಲ್ಲಿಂದಲೇ ರೂಪ ತಿದ್ದುವ ಕೆಲಸ ಶುರುವಾಯ್ತು. ಗುಂಗುರು ಕಂದು ಕೂದಲನ್ನು ನೆಟ್ಟಗೆ ಮಾಡಿ ಹೊಂಬಣ್ಣಕ್ಕೆ ತಿರುಗಿಸಿದರು. 1946ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ ಸೇರಿದಾಗ ಹೆಸರೂ ಹೋಯ್ತು. 1948ರಲ್ಲಿ ಕೊಲಂಬಿಯಾ ಸ್ಟುಡಿಯೋಗೆ ಹೋದಾಗ ಹಣೆ ಅಗಲ ಕಾಣಲಿ ಅಂತ ಮುಂದಲೆಯ ಕೂದಲನ್ನು ಕರೆಂಟ್ ಚಿಕಿತ್ಸೆಯಿಂದ ಬೇರು ಸಮೇತ ತೆಗೆಸಲಾಯಿತು. ಮುಖ ಆಕೆಯದ್ದು, ತೀರ್ಮಾನ ಮಾತ್ರ ಸ್ಟುಡಿಯೋದವರದ್ದು.

1953 ಆಕೆಯ ವರ್ಷ. ನಯಾಗರ, ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್, ಹೌ ಟು ಮ್ಯಾರಿ ಎ ಮಿಲಿಯನೇರ್ ಮೂರೂ ಅದೇ ವರ್ಷ ತೆರೆಕಂಡವು. ಜೊತೆಗೇ ಗುಸುಗುಸು ಕೂಡ. ಮೂಗು ಸ್ವಂತದ್ದಾ? ಗದ್ದ ಮೊದಲು ಹೀಗಿತ್ತಾ?

ಆದರೆ ಇದೇ ಹೆಣ್ಣುಮಗಳು ಸ್ಟುಡಿಯೋ ಜೊತೆ ಜಗಳ ಆಡಿ, ಸ್ವಂತ ನಿರ್ಮಾಣ ಕಂಪನಿ ಕಟ್ಟಿದ್ದು, ಹೆಸರು ಮಾಡಿದ ಮೇಲೂ ನ್ಯೂಯಾರ್ಕ್‌ಗೆ ಹೋಗಿ ವಿದ್ಯಾರ್ಥಿ ಥರ ಕೂತು ನಟನೆ ಕಲಿತದ್ದು ಎಷ್ಟು ಜನರಿಗೆ ಗೊತ್ತು? ಸಮ್ ಲೈಕ್ ಇಟ್ ಹಾಟ್ ಚಿತ್ರದ ನಟನೆಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿಯೂ ಬಂತು. ಆದರೂ ಮಾತು ಮುಖದ ಹತ್ತಿರವೇ ನಿಲ್ಲುತ್ತಿತ್ತು.

1962ರ ಆಗಸ್ಟ್‌ನಲ್ಲಿ ನಿದ್ದೆ ಮಾತ್ರೆ ಮಿತಿಮೀರಿ ಮರ್ಲಿನ್ ತೀರಿಕೊಂಡರು. ವಯಸ್ಸು ಬರೀ 36. ಬಹುಶಃ ಆತ್ಮಹತ್ಯೆ ಅಂತ ಅಧಿಕಾರಿಗಳು ಬರೆದರು.

ಕಥೆ ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. 2013ರಲ್ಲಿ ಆಕೆಯ ವೈದ್ಯಕೀಯ ದಾಖಲೆ ಮತ್ತು ಎಕ್ಸ್‌ರೇಗಳು ಹರಾಜಿಗೆ ಬಂದವು. ಹೌದು, ಎಕ್ಸ್‌ರೇ! 1950ರಲ್ಲಿ ಗದ್ದಕ್ಕೆ ಮೃದು ಎಲುಬಿನ ತುಂಡು ಕೂರಿಸಿದ್ದು, ಅದು ಮೆಲ್ಲಗೆ ಕರಗತೊಡಗಿದ್ದು, 1958ರಲ್ಲಿ ಗದ್ದ ಸರಿಯಿಲ್ಲ ಅಂತ ಡಾಕ್ಟರ್ ಹತ್ರ ಹೋಗಿದ್ದು ಎಲ್ಲಾ ಅದರಲ್ಲಿತ್ತು. ಎಕ್ಸ್‌ರೇ ತೆಗೆದದ್ದು ಸಾಯೋಕೆ ಎರಡು ತಿಂಗಳ ಮುಂಚೆ, ಬಿದ್ದು ಮೂಗಿಗೆ ಪೆಟ್ಟಾಗಿದೆ ಅಂತ ಹೋದಾಗ. ಯಾರಿಗೂ ಗೊತ್ತಾಗಬಾರದು ಅಂತ ಅದರ ಮೇಲೆ ಬೇರೆ ಹೆಸರು ಬರೆಸಿದ್ದರು. ಅಂಥದ್ದೂ 25 ಸಾವಿರ ಡಾಲರ್‌ಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ಅಂದ್ರೆ ಜನರ ಅನುಮಾನ ಪೂರ್ತಿ ಸುಳ್ಳಲ್ಲ. ಆದ್ರೆ ನಿಜ ಗೊತ್ತಾಗಿ ಯಾರಿಗೆ ಏನು ಸಿಕ್ತು? ಗದ್ದದೊಳಗೆ ಇದ್ದದ್ದು ಒಂದು ಚೂರು ಮೃದು ಎಲುಬು. ನಗಿಸಿದ್ದು, ಅಳಿಸಿದ್ದು, ಸ್ಟುಡಿಯೋಗೆ ಎದುರು ನಿಂತದ್ದು ಆ ಚೂರಲ್ಲ. ಬದುಕಿದ್ದಾಗ ಮುಚ್ಚಿಡೋಕೆ ಹೆಸರು ಬದಲಿಸಿದ ಹೆಣ್ಣುಮಗಳ ಮೂಳೆಯ ಚಿತ್ರ ಸತ್ತ ಮೇಲೆ ಹರಾಜು ಕಟ್ಟೆಗೆ ಬಂತು. ಇಲ್ಲ ಅನ್ನೋಕೆ ಆಕೆ ಇರಲಿಲ್ಲ ಅಷ್ಟೇ.