ಮೆಕ್ಯಾನಿಕಲ್ ಓದಿದ ಗಾಲ್ಫ್ ಚಾಂಪಿಯನ್: ಬಾಬಿ ಜೋನ್ಸ್

ಗಾಲ್ಫ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಕಣ್ಮುಂದೆ ಬರೋದು ಬಿಳಿ ಟೋಪಿ, ಹಸಿರು ಹುಲ್ಲು, ರಿಟೈರ್ ಆದ ಆಫೀಸರುಗಳು. ಕ್ರಿಕೆಟ್ ತರ ಗಲ್ಲಿಯಲ್ಲಿ ಆಡೋಕಾಗಲ್ಲ. ಒಂದು ಒಳ್ಳೇ ಸೆಟ್ ಕ್ಲಬ್ಬಿನ ದುಡ್ಡಲ್ಲಿ ಲ್ಯಾಪ್‌ಟಾಪ್ ಬರುತ್ತೆ. ಆದರೂ ಈ ಆಟ ಆಡಿದ ಒಬ್ಬನ ಕತೆ ನಮ್ಮ ಕ್ಯಾಂಪಸ್ಸಿನವರು ಓದಬೇಕು ಅನ್ಸುತ್ತೆ. ಮೊದಲ ಕಾರಣ, ಅವನು ಮೆಕ್ಯಾನಿಕಲ್ ಎಂಜಿನಿಯರ್. 1922ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಿಂದ ಡಿಗ್ರಿ ಪಡೆದವನು. ಹೆಸರು ರಾಬರ್ಟ್ ಟೈರ್ ಜೋನ್ಸ್ ಜೂನಿಯರ್. ಜಗತ್ತಿಗೆಲ್ಲ ಬಾಬಿ ಜೋನ್ಸ್.

ಹುಟ್ಟಿದ್ದು 1902ರ ಮಾರ್ಚ್ 17, ಅಟ್ಲಾಂಟಾದಲ್ಲಿ. ಅಪ್ಪ ವಕೀಲ. ಮಗುವಾಗಿದ್ದಾಗ ಬಾಬಿ ತುಂಬಾ ಪೀಚು, ಹೊಟ್ಟೆಗೆ ಏನು ಕೊಟ್ಟರೂ ಸರಿಹೋಗ್ತಿರಲಿಲ್ಲ. ಐದು ವರ್ಷದವರೆಗೆ ಗಟ್ಟಿ ಆಹಾರ ತಿನ್ನೋದೇ ಕಷ್ಟವಾಗಿತ್ತು. ಊರಾಚೆಯ ಗಾಳಿ ಬೆಳಕು ಒಳ್ಳೇದಾಗಬಹುದು ಅಂತ ಮನೆಯವರು ಬೇಸಿಗೆಗೆ ಈಸ್ಟ್ ಲೇಕ್ ಅನ್ನೋ ಕಡೆ ಮನೆ ಮಾಡಿದರು. ಮನೆ ಪಕ್ಕದಲ್ಲೇ ಗಾಲ್ಫ್ ಕೋರ್ಸ್. ಅಲ್ಲಿ ಆಟ ಹೇಳಿಕೊಡೋ ಕೋಚ್ ಸ್ಟೂವರ್ಟ್ ಮೇಡನ್, ಸ್ಕಾಟ್ಲೆಂಡಿನ ಕಾರ್ನೂಸ್ಟಿಯಿಂದ ಬಂದವನು. ಕಡಿಮೆ ಮಾತಿನ ಮನುಷ್ಯ. ಹುಡುಗ ಅವನ ಹತ್ತಿರ ಪಾಠಕ್ಕೆ ಸೇರಲಿಲ್ಲ. ಸುಮ್ಮನೆ ಹಿಂದೆ ಹಿಂದೆ ಹೋಗಿ, ಅವನು ಹೊಡೆಯೋದನ್ನ ನೋಡಿ, ಮನೆಗೆ ಬಂದು ಹಾಗೇ ಅಣಕಿಸ್ತಿದ್ದ. ಜನರ ನಡಿಗೆ, ಮಾತು ಅನುಕರಿಸೋದರಲ್ಲಿ ಬಾಬಿ ಚಿಕ್ಕಂದಿನಿಂದಲೂ ಪಂಟ. ಮೇಡನ್‌ನ ಸ್ವಿಂಗೂ ಹಾಗೇ ಅವನ ಮೈಗೆ ಇಳಿದುಬಿಟ್ಟಿತು.

ಸ್ವಿಂಗ್ ಅಂದ್ರೆ ಏನು ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಗಾಲ್ಫ್‌ನಲ್ಲಿ ಚೆಂಡು ನಿಂತಿರುತ್ತೆ. ಬೌಲರ್ ಇಲ್ಲ, ಎದುರಾಳಿ ತಡೆಯಲ್ಲ. ಕ್ಲಬ್ಬನ್ನ ಹಿಂದಕ್ಕೆ ಎತ್ತಬೇಕು, ತಿರುಗಿಸಿ ತರಬೇಕು, ಹೊಡೆಯಬೇಕು. ಅಷ್ಟೇ. ಆದರೆ ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ಇರೋ ಸಂಪರ್ಕ ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಆ ಹೊತ್ತಲ್ಲಿ ಮುಖ ಒಂದೆರಡು ಡಿಗ್ರಿ ಓರೆಯಾದರೂ ಚೆಂಡು ಪೊದೆಗೆ ಹೋಗುತ್ತೆ. ಒಳ್ಳೇ ಸ್ವಿಂಗಿನಲ್ಲಿ ಇಳಿಯುವಾಗ ಮೊದಲು ಸೊಂಟ ತಿರುಗುತ್ತೆ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಒಂದರ ವೇಗ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತೆ. ತೋಳು ಒಂದು ಕಡ್ಡಿ, ಕ್ಲಬ್ ಇನ್ನೊಂದು ಕಡ್ಡಿ, ನಡುವೆ ಮಣಿಕಟ್ಟು ಅಂತ ಬರೆದುಕೊಂಡರೆ ಅದು ಡಬಲ್ ಪೆಂಡುಲಮ್. ಮೊದಲೇ ತೋಳಿನ ಬಲ ಹಾಕಿದರೆ ಈ ಕ್ರಮ ಕೆಡುತ್ತೆ. ಅದಕ್ಕೇ ಜೋರಾಗಿ ಹೊಡೆಯಬೇಕು ಅಂತ ಹೋದವರ ಚೆಂಡು ಹತ್ತಿರದಲ್ಲೇ ಬೀಳೋದು.

ಜೋನ್ಸ್ ಕಾಲದಲ್ಲಿ ಇನ್ನೊಂದು ತೊಡಕಿತ್ತು. ಕ್ಲಬ್ಬಿನ ಹಿಡಿಕೋಲು ಹಿಕರಿ ಅನ್ನೋ ಮರದ್ದು. ಕ್ಲಬ್ಬಿನ ತಲೆಯ ತೂಕ ಕೋಲಿನ ಆಕ್ಸಿಸ್ ಮೇಲಿರಲ್ಲ, ಪಕ್ಕಕ್ಕಿರುತ್ತೆ. ಹಾಗಾಗಿ ಜರ್ಕ್ ಕೊಟ್ಟರೆ ಕೋಲು ಬಾಗೋದರ ಜೊತೆ ತಿರುಚಿಕೊಳ್ಳುತ್ತೆ. ಟಾರ್ಷನ್ ಚಾಪ್ಟರ್ ಓದಿದವರಿಗೆ ಇದು ಗೊತ್ತಿರುತ್ತೆ. ಸ್ಟೀಲಿಗಿಂತ ಹಿಕರಿ ಎಷ್ಟೋ ಹೆಚ್ಚು ತಿರುಚಿಕೊಳ್ಳೋ ವಸ್ತು. ಅದರಲ್ಲಿ ಆಡೋನಿಗೆ ಲಯ ಬೇಕೇ ಬೇಕು. ಜೋನ್ಸ್ ಪಾದಗಳನ್ನ ಹತ್ತಿರ ಇಟ್ಟು ನಿಲ್ತಿದ್ದ, ಮೈಯನ್ನ ಪೂರ್ತಿ ತಿರುಗಿಸ್ತಿದ್ದ, ಎಡ ಹಿಮ್ಮಡಿ ನೆಲದಿಂದ ಏಳುತ್ತಿತ್ತು, ಮೇಲೆ ಹೋದ ಕ್ಲಬ್ ಕೆಳಗೆ ಬರೋವಾಗ ಎಲ್ಲೂ ಅವಸರ ಇರಲಿಲ್ಲ. ನೋಡಿದವರಿಗೆ ಅವನು ಕಷ್ಟಪಡ್ತಿದ್ದಾನೆ ಅಂತಲೇ ಅನ್ನಿಸ್ತಿರಲಿಲ್ಲ.

ಆರು ವರ್ಷದವನಿದ್ದಾಗ ಮಕ್ಕಳ ಸಣ್ಣ ಪಂದ್ಯವೊಂದರಲ್ಲಿ ಅವನಿಗೆ ಒಂದು ಪುಟ್ಟ ಕಪ್ ಸಿಕ್ಕಿತು. ನಿಜ ಹೇಳಬೇಕಂದ್ರೆ ಗೆದ್ದಿದ್ದು ಅವನಲ್ಲ, ಪಕ್ಕದ ಮನೆಯ ಹುಡುಗಿ ಅಲೆಕ್ಸಾ ಸ್ಟರ್ಲಿಂಗ್. ಪಂದ್ಯ ಇಟ್ಟ ಮನೆಯಾಕೆಗೆ ಹುಡುಗಿಗೆ ಕಪ್ ಕೊಡೋಕೆ ಮನಸ್ಸು ಬರಲಿಲ್ಲ. ದೊಡ್ಡವನಾದ ಮೇಲೆ ಜೋನ್ಸ್ ಆ ಪಂದ್ಯ ಅಲೆಕ್ಸಾದೇ ಅಂತ ಒಪ್ಪಿಕೊಂಡ. ಅವಳೂ ಸಾಮಾನ್ಯಳಲ್ಲ, ಮುಂದೆ ಮೂರು ಸಲ ಅಮೆರಿಕದ ಮಹಿಳಾ ಅಮೆಚೂರ್ ಚಾಂಪಿಯನ್ ಆದಳು.

1916ರಲ್ಲಿ, 14ನೇ ವಯಸ್ಸಿಗೆ, ಜೋನ್ಸ್ ಫಿಲಡೆಲ್ಫಿಯಾ ಹತ್ತಿರದ ಮೆರಿಯನ್ ಕೋರ್ಸಿನಲ್ಲಿ ನಡೆದ ಯು.ಎಸ್. ಅಮೆಚೂರ್ ಪಂದ್ಯಕ್ಕೆ ಹೋದ. ದೊಡ್ಡವರನ್ನ ಸೋಲಿಸಿ ಎರಡು ಮ್ಯಾಚ್ ಗೆದ್ದು, ಮೂರನೇದರಲ್ಲಿ ಸೋತ. ದೇಶವೆಲ್ಲ ಈ ಹುಡುಗನ ಬಗ್ಗೆ ಮಾತಾಡ್ತು. ಆದರೆ ಅಲ್ಲಿಂದ ಏಳು ವರ್ಷ ಒಂದೇ ಒಂದು ದೊಡ್ಡ ಪ್ರಶಸ್ತಿಯೂ ಸಿಗಲಿಲ್ಲ. ಸ್ವಿಂಗಿನಲ್ಲಿ ದೋಷ ಇರಲಿಲ್ಲ, ತಲೆ ಬಿಸಿಯಾಗ್ತಿತ್ತು. ಒಂದು ಹೊಡೆತ ಕೆಟ್ಟರೆ ಕ್ಲಬ್ಬನ್ನ ಎಸೀತಿದ್ದ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್. ಗಾಲ್ಫಿಗೆ ಅದು ಕಾಶಿ ಇದ್ದಂಗೆ. ಮೂರನೇ ಸುತ್ತಿನಲ್ಲಿ ಆಟ ಹದಗೆಟ್ಟಿತು, 11ನೇ ಹೋಲ್‌ನಲ್ಲಿ ಚೆಂಡು ಮರಳಿನ ಗುಂಡಿಗೆ ಬಿತ್ತು. ಸಿಟ್ಟಿನಲ್ಲಿ ಪಂದ್ಯವನ್ನೇ ಬಿಟ್ಟುಬಿಟ್ಟ. ಅದೇ ವರ್ಷ ಅಮೆರಿಕದಲ್ಲಿ ಅವನು ಎಸೆದ ಕ್ಲಬ್ ಪುಟಿದು ನೋಡ್ತಾ ನಿಂತಿದ್ದ ಹೆಂಗಸೊಬ್ಬರ ಕಾಲಿಗೆ ತಾಗಿತು. ಸಿಟ್ಟು ಹಿಡಿತಕ್ಕೆ ಬರದಿದ್ದರೆ ಇನ್ನು ಆಡೋಕೆ ಬಿಡಲ್ಲ ಅಂತ ಅಮೆರಿಕದ ಗಾಲ್ಫ್ ಸಂಸ್ಥೆಯಿಂದ ಪತ್ರ ಬಂತು.

ಈ ಮಧ್ಯೆ ಓದೂ ನಡೀತಿತ್ತು. ಮೆಕ್ಯಾನಿಕಲ್ ಮುಗಿಸಿ ಹಾರ್ವರ್ಡ್‌ಗೆ ಹೋಗಿ ಇಂಗ್ಲಿಷ್ ಸಾಹಿತ್ಯ ಓದಿದ. ಜಾರ್ಜಿಯಾ ಟೆಕ್ ಟೀಮಿಗೆ ಆಗಲೇ ಆಡಿದ್ದರಿಂದ ಹಾರ್ವರ್ಡ್ ಟೀಮಿಗೆ ಆಡೋಕೆ ರೂಲ್ಸ್ ಬಿಡಲಿಲ್ಲ. ಹೋಗಿ ಟೀಮಿನ ಅಸಿಸ್ಟೆಂಟ್ ಮ್ಯಾನೇಜರ್ ಆದ. ಆಮೇಲೆ ಎಮೊರಿಯಲ್ಲಿ ಲಾ ಸೇರಿ, ಕೋರ್ಸ್ ಮುಗಿಯೋ ಮೊದಲೇ ಬಾರ್ ಪರೀಕ್ಷೆ ಪಾಸ್ ಮಾಡಿ ವಕೀಲನಾದ. ಗಾಲ್ಫಿನಿಂದ ಒಂದು ಡಾಲರ್ ಬಹುಮಾನದ ಹಣವನ್ನೂ ಮುಟ್ಟಲಿಲ್ಲ. ಅವನು ಕೊನೆವರೆಗೂ ಅಮೆಚೂರ್ ಆಗಿಯೇ ಸ್ಪರ್ಧಿಸಿದ. ಹೊಟ್ಟೆಪಾಡಿಗಾಗಿ ದಿನಾ ಆಡೋ ಪ್ರೊಫೆಷನಲ್‌ಗಳನ್ನ, ವರ್ಷದಲ್ಲಿ ಕೆಲವೇ ಪಂದ್ಯ ಆಡೋ ಈ ಹುಡುಗ ಸೋಲಿಸಬೇಕಿತ್ತು.

ಅವನು ಬದಲಾಗಿದ್ದು ಹೇಗೆ? ಸ್ವಿಂಗ್ ಬದಲಿಸಲಿಲ್ಲ. ಯಾರ ವಿರುದ್ಧ ಆಡ್ತಿದ್ದೀನಿ ಅನ್ನೋದನ್ನ ಬದಲಿಸಿದ. ಗಾಲ್ಫ್‌ನಲ್ಲಿ ಪ್ರತಿ ಹೋಲ್‌ಗೂ ಪಾರ್ ಅಂತ ಒಂದು ಸಂಖ್ಯೆ ಇರುತ್ತೆ, ಒಳ್ಳೇ ಆಟಗಾರನಿಗೆ ಇಷ್ಟು ಹೊಡೆತ ಸಾಕು ಅನ್ನೋ ಲೆಕ್ಕ. ಜೋನ್ಸ್ ಆ ಪಾರ್‌ನ್ನ ಒಬ್ಬ ಮುದುಕ ಅಂತ ಕಲ್ಪಿಸಿಕೊಂಡ. ಮುದುಕನಿಗೆ ಸಿಟ್ಟು ಬರಲ್ಲ, ಅವಸರ ಇಲ್ಲ, ಪವಾಡ ಮಾಡಲ್ಲ, ತಪ್ಪೂ ಮಾಡಲ್ಲ. ಎದುರಿಗಿರೋನು ಏನು ಮಾಡಿದ ಅಂತ ನೋಡದೆ ಈ ಮುದುಕನ ಜೊತೆ 18 ಹೋಲ್ ನಡೆದರೆ ಸಾಕು ಅಂತ ನಿಶ್ಚಯಿಸಿದ. ಸಿಟ್ಟು ಮಾಯವಾಗಲಿಲ್ಲ. ಒಳಗೇ ಉಳೀತು. ಒಂದೊಂದು ಟೂರ್ನಮೆಂಟ್ ಮುಗಿಯೋ ಹೊತ್ತಿಗೆ ಟೆನ್ಷನ್‌ನಿಂದ ಕೆಲವು ಕಿಲೋ ತೂಕ ಇಳಿದುಹೋಗ್ತಿತ್ತು.

1923ರಲ್ಲಿ ನ್ಯೂಯಾರ್ಕ್ ರಾಜ್ಯದ ಇನ್‌ವುಡ್‌ನಲ್ಲಿ ಯು.ಎಸ್. ಓಪನ್. ಜೋನ್ಸ್ ಮತ್ತು ಬಾಬಿ ಕ್ರಿಕ್‌ಶಾಂಕ್ ಸಮ ಆದರು, 18 ಹೋಲ್‌ಗಳ ಪ್ಲೇಆಫ್. ಅದರಲ್ಲೂ 17 ಹೋಲ್ ಮುಗಿದಾಗ ಇಬ್ಬರೂ ಸಮ. ಕೊನೇ ಹೋಲ್‌ನಲ್ಲಿ ಜೋನ್ಸ್‌ನ ಚೆಂಡು ರಫ್ ಪಕ್ಕದ ಸಡಿಲ ಮಣ್ಣಿನ ಮೇಲಿತ್ತು, ಮುಂದೆ ನೀರು, ಅದರಾಚೆ ಗ್ರೀನ್. ಹೆಚ್ಚು ಯೋಚಿಸದೆ ಉದ್ದದ ಐರನ್ ತಗೊಂಡು ಹೊಡೆದ. ಚೆಂಡು ನೀರು ದಾಟಿ ಗುಳಿಯ ಹತ್ತಿರಕ್ಕೇ ಹೋಗಿ ನಿಂತಿತು. ಏಳು ವರ್ಷದ ಬರಗಾಲ ಮುಗೀತು.

ಅವನ ಬದುಕಿನ ನನಗಿಷ್ಟವಾದ ಭಾಗ ಮಾತ್ರ ಒಂದು ಸೋಲು. 1925, ವೂಸ್ಟರ್, ಮತ್ತೆ ಯು.ಎಸ್. ಓಪನ್. ಮೊದಲ ಸುತ್ತಿನ 11ನೇ ಹೋಲ್‌ನಲ್ಲಿ ಎತ್ತರದ ಹುಲ್ಲಿನಲ್ಲಿದ್ದ ಚೆಂಡಿನ ಹಿಂದೆ ಕ್ಲಬ್ ಇಟ್ಟಾಗ ಚೆಂಡು ಚೂರು ಅಲುಗಾಡ್ತು. ಹಾಗಾದರೆ ಒಂದು ಪೆನಾಲ್ಟಿ ಸ್ಟ್ರೋಕ್. ಬೇರೆ ಯಾರೂ ನೋಡಿರಲಿಲ್ಲ. ಅಧಿಕಾರಿಗಳು ವಿಚಾರಿಸಿದರು, ಸಾಕ್ಷಿ ಸಿಗಲಿಲ್ಲ, ತೀರ್ಮಾನ ಅವನಿಗೇ ಬಿಟ್ಟರು. ಜೋನ್ಸ್ ಸ್ಟ್ರೋಕ್ ಸೇರಿಸಿಯೇ ಬರೆಸಿದ. ನಾಲ್ಕು ಸುತ್ತು ಮುಗಿದಾಗ ವಿಲೀ ಮ್ಯಾಕ್‌ಫರ್ಲೇನ್ ಜೊತೆ ಸಮ. ಪ್ಲೇಆಫ್ ಕೂಡ ಸಮ. ಎರಡನೇ ಪ್ಲೇಆಫ್‌ನಲ್ಲಿ ಒಂದು ಸ್ಟ್ರೋಕ್‌ನಿಂದ ಸೋತ. ಆ ಒಂದು ಸ್ಟ್ರೋಕ್ ಹೇಳದೇ ಇದ್ದಿದ್ದರೆ ಪ್ಲೇಆಫೇ ಬೇಕಿರಲಿಲ್ಲ. ಇದನ್ನ ಜನ ಹೊಗಳಿದಾಗ ಅವನಿಗೆ ಮುಜುಗರ. ಕಳ್ಳತನ ಮಾಡದೇ ಇದ್ದಿದ್ದಕ್ಕೆ ಯಾರಾದರೂ ಸನ್ಮಾನ ಮಾಡ್ತಾರಾ ಅನ್ನೋ ಧಾಟಿ ಅವನದು. ಇಂಟರ್ನಲ್ಸ್ ರೂಮಿನಲ್ಲಿ ಇನ್ವಿಜಿಲೇಟರ್ ಆಚೆ ಹೋದ ಎರಡು ನಿಮಿಷ ಹೇಗಿರುತ್ತೆ ಅಂತ ಗೊತ್ತಿರೋ ನಮಗೆ ಇದು ಸಣ್ಣ ವಿಷಯ ಅಲ್ಲ.

1923ರಿಂದ 1930ರವರೆಗೆ ಎಂಟು ವರ್ಷದಲ್ಲಿ 13 ಮೇಜರ್ ಗೆದ್ದ. ಸಿಟ್ಟಿನಲ್ಲಿ ಬಿಟ್ಟುಹೋಗಿದ್ದ ಅದೇ ಸೇಂಟ್ ಆಂಡ್ರೂಸ್‌ಗೆ 1927ರಲ್ಲಿ ವಾಪಸ್ ಬಂದು ಬ್ರಿಟಿಷ್ ಓಪನ್ ಗೆದ್ದು, ಟ್ರೋಫಿ ನಿಮ್ಮಲ್ಲೇ ಇರಲಿ ಅಂತ ಅಲ್ಲಿಯವರಿಗೇ ಬಿಟ್ಟುಬಂದ. ಜನ ಅವನನ್ನ ಹೆಗಲ ಮೇಲೆ ಹೊತ್ತು ಮೆರೆಸಿದರು. 1930ರಲ್ಲಿ ಬ್ರಿಟಿಷ್ ಅಮೆಚೂರ್, ಬ್ರಿಟಿಷ್ ಓಪನ್, ಯು.ಎಸ್. ಓಪನ್, ಯು.ಎಸ್. ಅಮೆಚೂರ್ ನಾಲ್ಕನ್ನೂ ಒಂದೇ ವರ್ಷ ಗೆದ್ದ. ಆ ನಾಲ್ಕನ್ನ ಒಂದೇ ವರ್ಷ ಇನ್ನೊಬ್ಬರು ಇವತ್ತಿನವರೆಗೂ ಗೆದ್ದಿಲ್ಲ. ಯು.ಎಸ್. ಓಪನ್ ದಿನ ಎಂಥಾ ಸೆಕೆ ಅಂದ್ರೆ, ಬೆವರಲ್ಲಿ ನೆನೆದ ಟೈ ಗಂಟು ಬಿಚ್ಚೋಕಾಗದೆ ಕತ್ತರಿಸಿ ತೆಗೀಬೇಕಾಯಿತು. ಕೊನೇ ಗೆಲುವು ಸೆಪ್ಟೆಂಬರಿನಲ್ಲಿ, 14ರ ಹುಡುಗನಾಗಿ ಶುರುಮಾಡಿದ್ದ ಮೆರಿಯನ್‌ನಲ್ಲಿ. ಎರಡು ತಿಂಗಳಿಗೆ ಸ್ಪರ್ಧೆಯಿಂದ ನಿವೃತ್ತಿ ಘೋಷಿಸಿದ. ವಯಸ್ಸು 28.

ಆಮೇಲೆ ಅವನೊಳಗಿನ ಎಂಜಿನಿಯರ್ ಹೊರಗೆ ಬಂದ. 1931ರಲ್ಲಿ ವಾರ್ನರ್ ಬ್ರದರ್ಸ್‌ಗೆ ಗಾಲ್ಫ್ ಕಲಿಸೋ 12 ಕಿರುಚಿತ್ರ ಮಾಡಿದ, 1933ರಲ್ಲಿ ಇನ್ನೂ ಆರು. ಸ್ಲೋ ಮೋಷನ್‌ನಲ್ಲಿ ಸ್ವಿಂಗನ್ನ ಬಿಡಿಸಿ ತೋರಿಸಿದ ಚಿತ್ರಗಳವು, ಹಾಲಿವುಡ್ ನಟರೇ ಅದರಲ್ಲಿ ಶಿಷ್ಯರು. ಸ್ಪಾಲ್ಡಿಂಗ್ ಕಂಪನಿಗೆ ಸ್ಟೀಲ್ ಶಾಫ್ಟಿನ ಕ್ಲಬ್ ಸೆಟ್ ಡಿಸೈನ್ ಮಾಡೋದರಲ್ಲಿ ಕೈಜೋಡಿಸಿದ. ತಾನು ಮಾತ್ರ ಎಲ್ಲವನ್ನೂ ಗೆದ್ದಿದ್ದು ಹಿಕರಿಯಲ್ಲಿ. ಜಾರ್ಜಿಯಾದ ಅಗಸ್ಟಾದಲ್ಲಿ ಒಂದು ಹಳೇ ನರ್ಸರಿ ಜಾಗ ಸಿಕ್ಕಿತು. ಕ್ಲಿಫರ್ಡ್ ರಾಬರ್ಟ್ಸ್ ದುಡ್ಡಿನ ವ್ಯವಸ್ಥೆ ನೋಡಿಕೊಂಡ, ಅಲಿಸ್ಟರ್ ಮೆಕೆಂಜಿ ಜೊತೆ ಸೇರಿ ಜೋನ್ಸ್ ಕೋರ್ಸ್ ರೂಪಿಸಿದ. 1934ರಲ್ಲಿ ಅಲ್ಲಿ ಶುರುವಾದ ಪಂದ್ಯವೇ ಇವತ್ತಿನ ಮಾಸ್ಟರ್ಸ್.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ಕೋರ್ಸಿನಲ್ಲಿ ಬ್ಯಾಗ್ ಹೊರೋ ಕ್ಯಾಡಿಗಳು ಕಪ್ಪು ಜನ, ಆಡೋರು ಬಿಳಿಯರು. ಜೋನ್ಸ್ ಬದುಕಿರೋವರೆಗೂ ಮಾಸ್ಟರ್ಸ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಲಿಲ್ಲ. ಲೀ ಎಲ್ಡರ್ ಮೊದಲಿಗನಾಗಿ ಆಡಿದ್ದು 1975ರಲ್ಲಿ. ಕ್ಲಬ್ಬಿಗೆ ಮೊದಲ ಕಪ್ಪು ಸದಸ್ಯ ಸೇರಿದ್ದು 1990ರಲ್ಲಿ, ಮಹಿಳೆಯರು 2012ರಲ್ಲಿ. ಯಾರೂ ನೋಡದ ಅರ್ಧ ಇಂಚಿನ ತಪ್ಪನ್ನ ಒಪ್ಪಿಕೊಂಡ ಮನುಷ್ಯ, ಎಲ್ಲರಿಗೂ ಕಾಣ್ತಿದ್ದ ಈ ಬೇಲಿಯನ್ನ ಕೀಳಲಿಲ್ಲ. ಅವನನ್ನ ಇಷ್ಟಪಡೋರು ಇದನ್ನೂ ಅವನ ಸ್ಕೋರ್ ಕಾರ್ಡಿನಲ್ಲಿ ಬರೆದೇ ಇಷ್ಟಪಡಬೇಕು.

1948ರಲ್ಲಿ ಕೊನೇ ಸಲ ಗಾಲ್ಫ್ ಆಡಿದ. ಕುತ್ತಿಗೆ, ತೋಳಿನಲ್ಲಿ ನೋವು, ಕೈಕಾಲಲ್ಲಿ ಬಲ ಕಡಿಮೆ. ಆಪರೇಷನ್‌ಗಳಾದವು, ಗುಣವಾಗಲಿಲ್ಲ. ಕೊನೆಗೆ ಗೊತ್ತಾಗಿದ್ದು ಸಿರಿಂಗೋಮೈಲಿಯಾ. ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳು ಬೆಳೆದು ನರಗಳನ್ನ ಕೊಲ್ಲೋ ಕಾಯಿಲೆ. ಮೊದಲು ಒಂದು ಕೋಲು, ಆಮೇಲೆ ಎರಡು, ಆಮೇಲೆ ಗಾಲಿಕುರ್ಚಿ. ಜಗತ್ತೇ ನೋಡಿ ಕಲಿತ ಸ್ವಿಂಗ್ ಇದ್ದ ಮೈಗೆ ಪೆನ್ನು ಹಿಡಿಯೋದೂ ಕಷ್ಟವಾಯಿತು. ಅದರ ಬಗ್ಗೆ ಗೋಳಾಡಿದ್ದನ್ನ ಕಂಡವರಿಲ್ಲ. ಬಂದ ಪತ್ರಗಳಿಗೆ ಉತ್ತರ ಹೋಗ್ತಲೇ ಇತ್ತು.

1958ರಲ್ಲಿ ಅಮೆರಿಕ ತಂಡದ ನಾಯಕನಾಗಿ ಮತ್ತೆ ಸೇಂಟ್ ಆಂಡ್ರೂಸ್‌ಗೆ ಹೋದ. ಊರಿನವರು ಅವನಿಗೆ ತಮ್ಮ ಪಟ್ಟಣದ ಗೌರವ ಪೌರತ್ವ ಕೊಟ್ಟರು. ಅವನಿಗಿಂತ ಮೊದಲು ಅದು ಸಿಕ್ಕಿದ್ದ ಅಮೆರಿಕನ್ ಬೆಂಜಮಿನ್ ಫ್ರಾಂಕ್ಲಿನ್, 1759ರಲ್ಲಿ. ಕಾರ್ಯಕ್ರಮ ಮುಗಿದು ಜೋನ್ಸ್ ಹೊರಟಾಗ ಸಭಾಂಗಣದ ಜನ ಎದ್ದು ನಿಂತು ಸ್ಕಾಟ್ಲೆಂಡಿನ ಒಂದು ಹಳೇ ಬೀಳ್ಕೊಡುಗೆ ಹಾಡು ಹಾಡಿದರು. 1971ರ ಡಿಸೆಂಬರ್ 18ರಂದು ಅವನು ಅಟ್ಲಾಂಟಾದಲ್ಲಿ ತೀರಿಕೊಂಡ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿನ 10ನೇ ಹೋಲ್‌ಗೆ ಈಗ ಅವನ ಹೆಸರು. ಅದನ್ನ ಮುಗಿಸಿ ಮುಂದೆ ನಡೆದರೆ ಬರೋದು 11ನೇ ಹೋಲ್, 19ರ ಹುಡುಗ ಸಿಟ್ಟು ಮಾಡಿಕೊಂಡು ಆಟ ಬಿಟ್ಟ ಜಾಗ.