ಲಂಡನ್ನಿಗೆ ನೀರು ತಂದ ಚಿನಿವಾರ

ನಳದಲ್ಲಿ ನೀರು ಬಂದ ದಿನ ಪಟ್ಟಣಿಗರಿಗೆ ಅದನ್ನು ತಂದವರ ನೆನಪಾಗುವುದಿಲ್ಲ. ಬಾರದ ದಿನ ಮಾತ್ರ ಪುರಸಭೆಯ ನೆನಪಾಗುತ್ತದೆ. ಆದುದರಿಂದ ಸರ್ ಹ್ಯೂ ಮಿಡಲ್‌ಟನ್ನನ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈತನು 1560ರ ಸುಮಾರಿಗೆ ವೇಲ್ಸ್ ಪ್ರಾಂತದ ಡೆನ್‌ಬಿಯ ಬಳಿ ಜನಿಸಿ, ಲಂಡನ್ನಿನಲ್ಲಿ ಚಿನಿವಾರ ವೃತ್ತಿಯಿಂದ ಧನಿಕನಾದನು. ತನ್ನೂರಿನ ಪರವಾಗಿ ಪಾರ್ಲಿಮೆಂಟಿನ ಸದಸ್ಯನೂ ಆದನು. ಆಗ ಲಂಡನ್ನಿನ ಜನಸಂಖ್ಯೆ ಬೆಳೆದು ನೀರಿನ ಅಭಾವ ತಲೆದೋರಿತ್ತು. ಹರ್ಟ್‌ಫರ್ಡ್‌ಷೈರಿನ ಚಾಡ್‌ವೆಲ್, ಆಮ್‌ವೆಲ್ ಬುಗ್ಗೆಗಳಿಂದ ಕಾಲುವೆ ತರುವ ಯೋಜನೆಯನ್ನು ಮೊದಲು ಹೂಡಿದವನು ಎಡ್ಮಂಡ್ ಕೋಲ್ಟ್‌ಹರ್ಸ್ಟ್. ಆದರೆ ಅವನಲ್ಲಿ ಸಾಕಷ್ಟು ದ್ರವ್ಯವಿರಲಿಲ್ಲ. ಪಾರ್ಲಿಮೆಂಟು ಕಾಯಿದೆ ಮಾಡಿ ಅಧಿಕಾರವಿತ್ತರೂ ನಗರಸಭೆಯು ಸ್ವತಃ ಮುಂದೆ ಬರಲಿಲ್ಲ. 1609ರಲ್ಲಿ ಮಿಡಲ್‌ಟನ್ನನು ಆ ಭಾರವನ್ನು ವಹಿಸಿಕೊಂಡನು.

ಕಾಲುವೆಯ ಉದ್ದ ಸುಮಾರು 39 ಮೈಲು. ಅಷ್ಟು ದೂರಕ್ಕೆ ಇಳಿಜಾರು ಸುಮಾರು 18 ಅಡಿ ಮಾತ್ರ. ಯಂತ್ರದ ನೆರವಿಲ್ಲದೆ ನೀರು ತಾನಾಗಿ ಹರಿಯಬೇಕಾದುದರಿಂದ ಗುಡ್ಡಗಳ ಓರೆಯನ್ನು ಅನುಸರಿಸಿ ಸುತ್ತಿ ಸುತ್ತಿ ಅಗೆಯಬೇಕಾಯಿತು. ಗಣಿತಜ್ಞ ಎಡ್ವರ್ಡ್ ರೈಟ್ ಮೋಜಣಿಗೆ ನೆರವಾದನು. ತಗ್ಗು ಅಡ್ಡಬಂದಲ್ಲಿ ಸೀಸದ ತಗಡು ಹೊದಿಸಿದ ಮರದ ದೋಣಿಯ ಮೇಲೆ ನೀರನ್ನು ದಾಟಿಸಿದರು. ಹೊಲಗಳು ಕೆಸರಾಗುವುವೆಂದು ಭೂಮಾಲಿಕರು ಪಾರ್ಲಿಮೆಂಟಿನವರೆಗೆ ಹೋದರು. ಕೆಲಸ ನಿಂತಿತು, ಹಣವೂ ಸಾಲದಾಯಿತು. 1612ರಲ್ಲಿ ಅರಸ ಒಂದನೆಯ ಜೇಮ್ಸನು ಅರ್ಧ ಲಾಭದ ಕರಾರಿನ ಮೇಲೆ ಅರ್ಧ ವೆಚ್ಚವನ್ನು ಕೊಡಲೊಪ್ಪಿದನು. 1613ರ ಸೆಪ್ಟೆಂಬರ್ 29ರಂದು ನೀರು ನಗರದ ಅಂಚಿನ ಕೊಳವನ್ನು ಮುಟ್ಟಿತು. ಅಲ್ಲಿಂದ ಎಲ್ಮ್ ಮರದ ದಿಮ್ಮಿಗಳನ್ನು ಕೊರೆದು ಮಾಡಿದ ಕೊಳವೆಗಳಲ್ಲಿ ಮನೆಮನೆಗೆ ಹರಿಯಿತು.

1619ರಲ್ಲಿ 'ನ್ಯೂ ರಿವರ್ ಕಂಪನಿ' ರಾಜಶಾಸನದಿಂದ ಸ್ಥಾಪಿತವಾಯಿತು. 1622ರಲ್ಲಿ ಮಿಡಲ್‌ಟನ್ನನಿಗೆ ಬ್ಯಾರೊನೆಟ್ ಪದವಿ ದೊರೆಯಿತು. ಅವನು ನಿರ್ಗತಿಕನಾಗಿ ಸತ್ತನೆಂಬ ಕಥೆ ನಿಜವಲ್ಲ. ಕಾರ್ಡಿಗನ್‌ಷೈರಿನ ಗಣಿಗಳಿಂದ ಅವನಿಗೆ ಆದಾಯವಿತ್ತು. ಆದರೆ ಕಂಪನಿಯ ಮೊದಲ ಲಾಭಾಂಶವು ಹಂಚಿಕೆಯಾದುದು 1633ರಲ್ಲಿ, ಅವನು ಮಡಿದ ಎರಡು ವರ್ಷಗಳ ಮೇಲೆ.

ಮುಂದೆ ಆ ಪಾಲುಗಳೇ ಅಪಾರ ಬೆಲೆಯುಳ್ಳವಾದುವು. ಶ್ರಮಿಸಿದವನು ಕಾಣದ ಸಂಪತ್ತನ್ನು ಶ್ರಮಿಸದವರು ಉಂಡರು. ಹಣ ತೆತ್ತವರ ಮನೆಗೆ ಮಾತ್ರ ಕೊಳವೆ ಹೋಯಿತು. ಸುಮಾರು ಮೂರು ಶತಮಾನಗಳ ತರುವಾಯ, 1904ರಲ್ಲಿ, ಲಂಡನ್ನಿನ ಖಾಸಗಿ ನೀರಿನ ಕಂಪನಿಗಳೆಲ್ಲವೂ ಸಾರ್ವಜನಿಕ ಮಂಡಲಿಯೊಂದರ ವಶವಾದುವು. 1989ರಲ್ಲಿ ಮತ್ತೆ ಖಾಸಗಿಯವರ ಕೈಸೇರಿತು. ಆ ವಾದವು ಇನ್ನೂ ಮುಗಿದಿಲ್ಲ. ಮಿಡಲ್‌ಟನ್ನನ ಕಾಲುವೆಯಾದರೋ ಇಂದಿಗೂ ಲಂಡನ್ನಿಗೆ ನೀರುಣಿಸುತ್ತಿದೆ.

ಹಿಂಜರಿದ ನಗರಸಭೆಯ ಕೆಲಸವನ್ನು ಒಬ್ಬ ಚಿನಿವಾರನು ಮಾಡಿದನೆಂಬುದು ಅವನಿಗೆ ಕೀರ್ತಿ, ಆ ಸಭೆಗೆ ಅಪಕೀರ್ತಿ. ಜಲದ ಕಾರ್ಯವನ್ನು ಮುಂದೂಡುವ ಪುರಪಿತೃಗಳು ಇದನ್ನು ಮನನ ಮಾಡಲೆಂದು ನಾವು ಆಶಿಸುತ್ತೇವೆ.